ಕ್ಲಿಪ್ಪಕ್ಕನ ಬೆಚ್ಚಗಿನ ಮೇಜು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ರಯೋಗಾಲಯದ ಕೊನೆಯ ಕೋಣೆಯಲ್ಲಿ ಕ್ಲಿಪ್ಪಕ್ಕ ಉಕ್ಕಿನ ಮೇಜಿನ ಮೇಲೆ ಅಂಗೈಯಿಟ್ಟು ನಿಂತಿದ್ದಾರೆ. ಮೇಜು ಬೆಚ್ಚಗಾಗುವ ತನಕ ಅವರು ಇಲಿಯನ್ನು ಮುಟ್ಟುವುದಿಲ್ಲ. ಆಮೇಲೆ ಅರಿವಳಿಕೆ ಕೊಟ್ಟ ಇಲಿಯ ಹೊಟ್ಟೆ ತೆರೆದು, ಲಿವರ್‌ಗೆ ಹೋಗುವ ರಕ್ತನಾಳಕ್ಕೆ ಪುಟ್ಟ ಕ್ಲಿಪ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಬಿಚ್ಚುತ್ತಾರೆ. ಅಡ್ಡಹೆಸರು ಬಂದದ್ದು ಹಾಗೆ. ನಿಜವಾದ ಹೆಸರು ಅಲ್ಲಿ ಯಾರಿಗೂ ನೆನಪಿಲ್ಲ.

ಗೆಡ್ಡೆ ತೆಗೆಯಲು ಲಿವರ್ ಕೊಯ್ಯುವಾಗ ರಕ್ತ ಸುರಿದುಹೋಗದಿರಲೆಂದು ವೈದ್ಯರೂ ಹೀಗೇ ಮಾಡುತ್ತಾರೆ. "ರಕ್ತ ನಿಂತಾಗ ಒಂದು ಪೆಟ್ಟು, ವಾಪಸ್ ಬಂದಾಗ ಇನ್ನೊಂದು. ಎರಡನೇದೇ ಜೋರು," ಎನ್ನುತ್ತಾರೆ ಅಕ್ಕ. ಆ ಪೆಟ್ಟು ತಪ್ಪಿಸುವ ಮದ್ದಿಗಾಗಿ ಇಲ್ಲಿ ಹುಡುಕಾಟ.

ಹೋದ ವರ್ಷ ಅದು ಸಿಕ್ಕೇಬಿಟ್ಟಿತೆಂದು ಎಲ್ಲರೂ ಹಿಗ್ಗಿದ್ದರು. ಮದ್ದು ಕೊಟ್ಟ ಇಲಿಗಳ ಲಿವರ್ ಲಕ್ಷಣವಾಗಿತ್ತು. ಬರೀ ಉಪ್ಪುನೀರು ಕೊಟ್ಟವುಗಳದ್ದು ಬಿಳಿಚಿ ಮಚ್ಚೆಗಟ್ಟಿತ್ತು. ಅಕ್ಕನ ತಮ್ಮನಿಗೂ ಲಿವರ್‌ನಲ್ಲಿ ಗೆಡ್ಡೆ. ಬೆಳೆದರೆ ಕೊಯ್ಯೋಣ ಎಂದಿದ್ದರು ವೈದ್ಯರು. "ಹೆದರ್ಬೇಡ ಕಣೋ, ಅಷ್ಟೊತ್ತಿಗೆ ಮದ್ದು ಬಂದಿರುತ್ತೆ," ಎಂದು ಅಕ್ಕ ಅವನಿಗೆ ಮಾತು ಕೊಟ್ಟರು.

ಒಂದು ದಿನ ಮೇಜು ಬೆಚ್ಚಗಿಡುವ ಯಂತ್ರ ಕೆಟ್ಟು, ಮೇಜು ದಿನವಿಡೀ ತಣ್ಣಗೇ ಇತ್ತು. ಅವತ್ತು ಉಪ್ಪುನೀರಿನ ಇಲಿಗಳ ಲಿವರ್ ಕೂಡ ಚೆನ್ನಾಗಿಯೇ ಉಳಿಯಿತು. ಆಗಲೇ ಅಕ್ಕನಿಗೆ ಹೊಳೆದದ್ದು. ಮದ್ದು ಬೇಗ ಕೆಡುತ್ತದೆಂದು ಮದ್ದಿನ ಇಲಿಗಳ ಸರದಿಯನ್ನು ಅವರು ಬೆಳಿಗ್ಗೆ ಮೊದಲೇ ಮುಗಿಸುತ್ತಿದ್ದರು. ಆಗ ಮೇಜು ಇನ್ನೂ ತಣ್ಣಗಿರುತ್ತಿತ್ತು. ಇಷ್ಟು ದಿನ ಕಾಪಾಡಿದ್ದು ಮದ್ದಲ್ಲ, ಥಂಡಿ. ಮನುಷ್ಯರನ್ನು ಹಾಗೆ ತಣ್ಣಗೆ ಮಲಗಿಸಿ ಕೊಯ್ದರೆ ರಕ್ತ ಹೆಪ್ಪುಗಟ್ಟದೆ ಸುರಿಯುತ್ತಲೇ ಇರುತ್ತದೆ.

"ಬಾಯಿ ಮುಚ್ಕೊಂಡಿದ್ರೆ ನಡೀತಿತ್ತು," ಎನ್ನುತ್ತಾರೆ ಅಕ್ಕ. "ಆದ್ರೆ ಮದ್ದಿದೆ ಅಂತ ನಂಬಿ ಯಾರೋ ಡಾಕ್ಟ್ರು ಇನ್ನಷ್ಟು ಹೊತ್ತು ಕ್ಲಿಪ್ ಹಾಕೇ ಇಟ್ರೆ?"

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರಿಗೆ ಎಲ್ಲ ಹೇಳಿದರು. ಅವರು ಕನ್ನಡಕ ತೆಗೆದಿಟ್ಟು, "ಮೊದಲಿಂದ ಮಾಡೋಣಮ್ಮ," ಎಂದರು. ಬೆಚ್ಚಗಿನ ಮೇಜಿನ ಮೇಲೆ ಮದ್ದು ಕೈಕೊಟ್ಟಿತು. ಎಲ್ಲರ ದುಡಿಮೆ ನೀರುಪಾಲಾಯಿತು. ಅಕ್ಕನನ್ನು ಯಾರೂ ಬೈಯಲಿಲ್ಲ, ಊಟಕ್ಕೆ ಜೊತೆಗೂ ಕರೆಯಲಿಲ್ಲ. ಈಗ ಬೇರೊಂದು ಮದ್ದಿನ ಸರದಿ.

ಗೆಡ್ಡೆ ಮಾತ್ರ ಯಾರಿಗೂ ಕಾಯಲಿಲ್ಲ. ಸೋಮವಾರ ತಮ್ಮನ ಆಪರೇಷನ್. "ಅಕ್ಕಾ, ಮದ್ದು ತಂದ್ಯಾ?" ಎಂದು ನಿನ್ನೆ ಅವನು ವಾರ್ಡಿನಲ್ಲಿ ನಗುತ್ತಲೇ ಕೇಳಿದನಂತೆ. ಅಕ್ಕ ಅವನ ಹೊದಿಕೆ ಸರಿಮಾಡಿ ಎದ್ದುಬಂದರು.

ಮೇಜು ಬೆಚ್ಚಗಾಗಿದೆ. ಅಕ್ಕ ಕೈಗವಸು ತೊಡುತ್ತಾರೆ. ನಿಮಗೇನಾದರೂ ಆಸೆ ಇದೆಯಾ ಎಂದು ಕೇಳಿದರೆ ತಲೆಯೆತ್ತದೆ ಹೇಳುತ್ತಾರೆ:

"ಅವನಿಗೆ ಕ್ಲಿಪ್ ಹಾಕೋರು ಬೇಗ ಬಿಚ್ಲಿ. ಇನ್ನೇನೂ ಬೇಡ."