ಹಿಂದಿನ ಸೀಟಿನ ಪರೀಕ್ಷೆ

ಒಂದು ತಿಂಗಳಿಂದ ನನ್ನ ಬಾಯಲ್ಲಿ ಎರಡು ಬೈಕುಗಳು ಓಡುತ್ತಿದ್ದವು. ಕರಿಯದು 'ಡುಗ್... ಡುಗ್...' ಎಂದು, ಉಂಡ ಗೌಡರು ಅಂಗಳದಲ್ಲಿ ಅಡ್ಡಾಡಿದಂತೆ. ನೀಲಿಯದು 'ಸುರ್ರ್' ಎಂದು, ಹೊಸ ಮಾಸ್ತರು ಅಂಜುತ್ತ ತರಗತಿಗೆ ಬಂದಂತೆ. ಕಂಡವರನ್ನೆಲ್ಲ ಅಣಕಿಸುವ ಚಟ ನನ್ನದು. ಗಾಡಿಗಳನ್ನೂ ಬಿಡಲಿಲ್ಲ ನೋಡಿ.

ಎರಡೂ ಮೊನ್ನೆ ಹುಟ್ಟಿ ಅಜ್ಜನ ಮೀಸೆ ಅಂಟಿಸಿಕೊಂಡವು. ಗುಂಡು ದೀಪ, ಹೊಳೆಯುವ ಸೈಲೆನ್ಸರ್, ಒಳಗೆ ಮಾತ್ರ ಈಗಿನ ಯಂತ್ರ. ಬೆಲೆಯೂ ಹೆಚ್ಚುಕಡಿಮೆ ಒಂದೇ. ಯಾವುದನ್ನು ಕೊಳ್ಳಲೆಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬ್ರೇಕು, ಭಾರ, ಮೈಲೇಜು ಎಲ್ಲ ಬರೆದೆ. ಹೆಣ್ಣು ಹುಡುಕುವಾಗಲೂ ನಮ್ಮವರು ಇಷ್ಟು ಜಾತಕ ಕೂಡಿಸುವುದಿಲ್ಲ. ಮನಸ್ಸು ಮಾತ್ರ ಲೆಕ್ಕ ಬಿಟ್ಟು ಡುಗ್‌ಡುಗ್ಗಿಗೆ ಸೋತಿತ್ತು.

ಪಾರ್ವತಿನಗರದ ನಮ್ಮ ಓಣಿಯ ಮೆಕ್ಯಾನಿಕ್ ಮೌಲಾ ನಕ್ಕ. "ಲೇ, ಮುಂದ ಕುಂತಾವ ಏನ್ ಪರೀಕ್ಷಾ ಮಾಡ್ತಿ? ಹಿಂದ ಕುಂತವ್ರನ್ನ ಕೇಳು. ಕರೇದು ನಂದೇ ಐತಿ. ನೀಲಿದು ಕುರುಗೋಡಿನಾಗ ನಮ್ಮಣ್ಣನ ಹತ್ರ ಐತಿ. ಅವ್ವನ್ನ ಕುಂದ್ರಿಸ್ಕೊಂಡು ಅಲ್ಲಿತನ ಇದ್ರಾಗ ಹೋಗು, ಅಲ್ಲಿಂದ ಸಿರುಗುಪ್ಪಕ್ಕ ಅದ್ರಾಗ."

ಸಿರುಗುಪ್ಪ ಅವ್ವನ ತವರು. ತೊಡಕಿದ್ದದ್ದು ಅವ್ವನನ್ನು ಕೂರಿಸುವುದರಲ್ಲೇ. ಎರಡು ವರ್ಷದ ಹಿಂದೆ ಹಳೇ ಬೈಕಿನಲ್ಲಿ ಹೋಗುವಾಗ, ಕೊಳಗಲ್ಲಿನ ಹತ್ತಿರ ನಾನು ಸೋದರಮಾವನ ಧ್ವನಿ ತೆಗೆದಿದ್ದೆ. ಮಾವ ಭತ್ತದ ವ್ಯಾಪಾರಿ. ಫೋನಿನಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಕೂಗಾಟ. ಒಂದೇ ಕಡೆ ಕಾಲು ಇಳಿಬಿಟ್ಟು ಕುಳಿತಿದ್ದ ಅವ್ವ ನಗತೊಡಗಿದಳು. ಬಾಯಿಗಿಟ್ಟ ಸೆರಗಿಗೆ ಒಂದು ಕೈ, ಹೊಟ್ಟೆಗೆ ಇನ್ನೊಂದು. ನನ್ನ ಭುಜಕ್ಕೆ ಯಾವುದೂ ಉಳಿಯಲಿಲ್ಲ. ರಸ್ತೆಯ ಉಬ್ಬು ಬಂತು. ಮಾವನ ಧ್ವನಿಯಲ್ಲೇ ಒಂದು ಫರ್ಲಾಂಗು ಹೋದ ಮೇಲೆ, ಹಿಂದೆ ನಗು ಇಲ್ಲವೆಂದು ತಿರುಗಿ ನೋಡಿದರೆ ಅವ್ವನೂ ಇಲ್ಲ. ದೂರದಲ್ಲಿ ಮಣ್ಣಿನ ಮೇಲೆ ಕುಳಿತಿದ್ದಳು. ಮೊಣಕೈ ತರಚಿತ್ತು, ಅಷ್ಟೇ. ಅವತ್ತಿನಿಂದ ಆಕೆಗೆ ಬಸ್ಸು, ನನಗೆ ಖಾಲಿ ಸೀಟು. ಮಾವನ ಧ್ವನಿಯನ್ನೂ ನಾನು ಮತ್ತೆ ತೆಗೆಯಲಿಲ್ಲ.

ಈಗ ಬೈಕಿಗೆ ಕರೆದರೆ, "ಬಾಯಿ ಮುಚ್ಕೊಂಡು ಹೊಡೀತೀನಂತ ಆಣಿ ಮಾಡು" ಅಂದಳು. ಮಾಡಿದೆ.

ಕರಿಯದು ರಾಜಗಾಂಭೀರ್ಯದಿಂದ ಡುಗ್ಗುತ್ತ ಹೊರಟಿತು. ನಡುವೆ ಅವ್ವ ಏನೋ ಅಂದಳು. "ಆಂ?" ಅಂದೆ. ಮತ್ತೇನೋ ಅಂದಳು. ಬೈಗುಳವೇ ಇರಬೇಕೆಂದು ಇನ್ನೂ ನೆಟ್ಟಗೆ ಕುಳಿತು ಹೊಡೆದೆ.

ಕುರುಗೋಡಿನಲ್ಲಿ ನೀಲಿಯದನ್ನು ಹತ್ತಿದೆವು. ಎಷ್ಟು ಮೆತ್ತನೆಯ ಸದ್ದೆಂದರೆ ಅವ್ವನ ಬಳೆ ಕೇಳಿಸುತ್ತಿತ್ತು.

"ಏನಲೇ, ಮೈಯಾಗ ಹುಷಾರಿಲ್ಲೇನು?"

"ಆಣಿ ಮಾಡೀನಲ್ಲಬೇ."

"ನಿಮ್ಮ ಮಾವನ ಧ್ವನಿ ತೆಗಿ. ಆಗ್ಲೇ ಎರಡು ಸಲ ಕೇಳ್ದೆ, ಆ ಗದ್ದಲದಾಗ ನಿನಗೆಲ್ಲಿ ಕೇಳ್ತೈತಿ."

"ಮತ್ತ ಬೀಳ್ತಿಬೇ."

"ಮೆಲ್ಲಕ ಹೊಡಿ. ನಾ ಗಟ್ಟ್ಯಾಗಿ ಹಿಡ್ಕೊಂತೀನಿ."

ಎತ್ತಿನ ಬಂಡಿ ನಮ್ಮನ್ನು ದಾಟುವಷ್ಟು ಮೆಲ್ಲಗೆ ಹೊಡೆದೆ. "ಹಲೋ! ಏಮಪ್ಪಾ, ನೆಲ್ಲು ಇನ್ನಾ ಹಸಿ ಐತಿ ಅಂದೆನಲ್ಲ, ಲಾರಿ ಎಂದುಕಯ್ಯಾ, ಯಾಕ ಕಳಿಸ್ದಿ?" ಭುಜದ ಮೇಲಿನ ಕೈ ನಗುವಿನಲ್ಲಿ ಅಲುಗಿತು, ಬಿಡಲಿಲ್ಲ.

ನೀಲಿಯದನ್ನೇ ಕೊಂಡೆ. ಮೌಲಾ ಕಾರಣ ಕೇಳಿದಾಗ ಮೈಲೇಜು ಅಂದೆ. ಕರಿಯದು ಬಹಳ ನೆನಪಾದರೆ ಈಗಲೂ ದಾರಿಯಲ್ಲಿ ಬಾಯಿಂದಲೇ ಡುಗ್‌ಡುಗ್ ಮಾಡುತ್ತೇನೆ. ಹಿಂದಿನಿಂದ ಅವ್ವ, "ಸಾಕು, ಬಂದ್ ಮಾಡಲೇ, ಮಾತು ಕೇಳವಲ್ದು" ಅನ್ನುತ್ತಾಳೆ. ಬಂದ್ ಮಾಡುತ್ತೇನೆ.