ಅಮಾವಾಸ್ಯೆಯ ದಿನ ಎಣಿಸಿದ ಮಗ್ಗಗಳು

ಅಭಿನಂದನ ಗ್ರಂಥವೊಂದಕ್ಕೆ ಬರೆಯಲು ನಾನು ಒಪ್ಪಿಕೊಂಡದ್ದು ಅದೊಂದೇ ಸಲ. ಬರೆದು ಮುಗಿಸಿದ ಅಧ್ಯಾಯವನ್ನು ಹಿಂತೆಗೆದುಕೊಂಡೆ. ಯಾಕೆ ಹಿಂತೆಗೆದುಕೊಂಡೆ ಎಂಬುದಕ್ಕೆ ಜಮಖಂಡಿಯಲ್ಲಿ ಹಲವು ಕತೆಗಳು ಓಡಾಡುತ್ತಿವೆ. ನಡೆದದ್ದು ಇಷ್ಟು.

ಗ್ರಂಥದ ನಾಯಕರು ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ನೂಲಿನ ವ್ಯಾಪಾರದಿಂದ ಮೇಲೆದ್ದು, ವಿದ್ಯುತ್ ಮಗ್ಗದ ಶೆಡ್ಡುಗಳ ಒಡೆಯರಾಗಿ, ಕೊನೆಗೆ ಜವಳಿಯ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುವವರಾದರು. ಒಮ್ಮೆಯೂ ಚುನಾವಣೆಗೆ ನಿಂತವರಲ್ಲ, ಆದರೆ ನಿಲ್ಲುವವರು ಮೊದಲು ಅವರ ಮನೆಗೆ ಹೋಗಿ ಬರುತ್ತಿದ್ದರು. ನಮ್ಮ ಕಡೆ ‘ಸಾಹುಕಾರ್ರು’ ಎಂದರೆ ಅವರೇ. ಎಪ್ಪತ್ತು ತುಂಬಿದಾಗ ಗ್ರಂಥಕ್ಕೊಂದು ಸಮಿತಿಯಾಯಿತು. ಅದರ ಸಂಪಾದಕರು ನನಗೆ ಪಾಠ ಹೇಳಿದ್ದ ನಿವೃತ್ತ ಪ್ರಾಧ್ಯಾಪಕರು. ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದು ಅತಿಥಿ ಉಪನ್ಯಾಸಕಿಯಾಗಿದ್ದ ನನಗೆ ‘ವೃತ್ತಿಜೀವನ’ದ ಅಧ್ಯಾಯವನ್ನು ಅವರೇ ವಹಿಸಿದರು.

ಬನಹಟ್ಟಿಯಲ್ಲಿ ಕೈಮಗ್ಗ ನೇಯುವ ನನ್ನ ಸೋದರತ್ತೆಗೆ ಇದನ್ನು ಹೇಳಿದೆ. ಅವಳು ಲಾಳಿ ನಿಲ್ಲಿಸಲಿಲ್ಲ.

“ಬರಿ, ಛಲೋತ್ನಂಗ ಬರಿ. ಆದ್ರ ಒಂದ ಮಾತ ಕೇಳ್ಕೊಂಡ ಬಾ. ನಮ್ಮ ಮಗ್ಗಾ ನೋಡಾಕ ಅಮಾಸಿ ದಿನಾನ ಯಾಕ ಮಂದೀನ ಕಳಿಸಿದ್ರಿ ಅಂತ ಕೇಳು.”

ನಮ್ಮ ಊರುಗಳಲ್ಲಿ ಅಮಾವಾಸ್ಯೆಯಂದು ಯಾವ ಮಗ್ಗವೂ ನಡೆಯುವುದಿಲ್ಲ. ಹರಿದ ಎಳೆಯನ್ನು ಸಹ ಅಂದು ಯಾರೂ ಕೂಡಿಸುವುದಿಲ್ಲ. ಮಗ್ಗ ಒರೆಸಿ, ಕುಂಕುಮ ಹಚ್ಚಿ, ಮೇಲೊಂದು ಬಟ್ಟೆ ಹೊದಿಸಿಬಿಡುತ್ತಾರೆ. ಆರು ತಿಂಗಳ ಹಿಂದೆ ಕೈಮಗ್ಗಗಳ ಸಮೀಕ್ಷೆಗೆಂದು ಹೊರಗಿನ ಸಿಬ್ಬಂದಿ ಬಂದದ್ದು ಅಂಥದೇ ದಿನ. ಬಟ್ಟೆ ಹೊದ್ದ ಮಗ್ಗಗಳನ್ನು ಬಾಗಿಲಲ್ಲಿ ನಿಂತೇ ನೋಡಿ ‘ಸ್ಥಗಿತ’ ಎಂದು ಬರೆದುಕೊಂಡು ಹೋದರು.

“ಮಗ್ಗದಾಗ ಅರ್ಧಾ ಸೀರಿ ಇತ್ತು,” ಎಂದಳು ಅತ್ತೆ. “ಅರಬಿ ಎತ್ತಿ ನೋಡಪಾ ಅಂದೆ. ‘ಟೈಮಿಲ್ಲ ಬೇ’ ಅಂದ. ಹುಡುಗಗ ಹೊಸಾ ಬೂಟಿನ ಚಿಂತಿ, ಒಳಗ ಬಂದ್ರ ಕಳೀಬೇಕಲ್ಲ!”

ಸ್ಥಗಿತವಾದ ಮಗ್ಗದವರ ನೇಕಾರರ ಕಾರ್ಡು ರದ್ದಾಯಿತು. ಕಾರ್ಡಿಲ್ಲದವರಿಗೆ ನೇಕಾರರ ಸಹಕಾರ ಸಂಘ ನೂಲು ಕೊಡುವುದಿಲ್ಲ. ಎತ್ತಿಟ್ಟಿದ್ದ ನೂಲಿನಿಂದ ಮಗ್ಗಕ್ಕೆ ಏರಿಸಿದ ಉದ್ದೆಳೆಗಳ ಒಂದೇ ಹಾಸು ಅತ್ತೆಗೆ ಉಳಿದಿತ್ತು. ಅದು ತೀರಿದ ದಿನ ಮಗ್ಗ ಬಿಚ್ಚಿ, ಸಾಹುಕಾರರ ಶೆಡ್ಡಿಗೆ ಕೂಲಿಗೆ ಹೋಗುವುದೊಂದೇ ದಾರಿ.

ಎರಡು ವಾರ ನಾನು ಬಸ್ಸುಗಳಲ್ಲಿ ಅಲೆದೆ. ಮಹಾಲಿಂಗಪುರದ ಪೇಟೆಯಲ್ಲಿ ಮುದುಕ ಬೆಲ್ಲದ ದಲಾಲಿಯೊಬ್ಬರಿಗೆ ಸೈಕಲ್ಲಿನ ಮೇಲೆ ಸೀರೆಯ ಗಂಟು ತರುತ್ತಿದ್ದ ತರುಣ ಸಾಹುಕಾರರ ನೆನಪಿತ್ತು. “ಗಂಟ ಇಳಸೂಕಿಂತ ಮೊದಲ ನೀರ ಕೇಳತಿದ್ದ. ಕುಡದ ಮ್ಯಾಲ ವ್ಯಾಪಾರದ ಮಾತ. ನೀರ ಕುಡಿಸಿದ ಮನಷಾಗ ಒಲ್ಲೆ ಅನ್ನಾಕ ಹೆಂಗ ಬಾಯಿ ಬರ್ತೈತ್ರೀ?” ಎಂದು ನಕ್ಕರು. ಮುಧೋಳದಲ್ಲಿ ಕಬ್ಬು ಬೆಳೆಗಾರರೊಬ್ಬರು, ಸಾಹುಕಾರರು ಕಾರ್ಖಾನೆಯವರನ್ನೂ ರೈತರನ್ನೂ ಒಂದೇ ಜಮಖಾನೆಯ ಮೇಲೆ ಕೂಡಿಸಿ ಮುಷ್ಕರ ಮುಗಿಸಿದ್ದನ್ನು ಹೇಳಿದರು. ಅಣೆಕಟ್ಟಿನ ಹಿನ್ನೀರಿಗೆ ಮನೆ ಬಿಟ್ಟುಬಂದ ಬೀಳಗಿಯ ಚಹಾದಂಗಡಿಯವನು, ತಮ್ಮ ಅರ್ಜಿ ಬೆಂಗಳೂರು ಮುಟ್ಟಿದ್ದು ಅವರ ಕೈಯಿಂದಲೇ ಎಂದ. ಎಲ್ಲವೂ ನಿಜವಿತ್ತು, ಎಲ್ಲವನ್ನೂ ಬರೆದೆ. ಆದರೆ ಉಪಕಾರಗಳ ಪಟ್ಟಿಯಿಂದ ಉತ್ತರದಾಯಿತ್ವ ಮನ್ನಾ ಆಗುವುದಿಲ್ಲ.

ಸಂಪಾದಕರು ಕೊಟ್ಟ ಕಡತದಲ್ಲಿ ಸಾಹುಕಾರರ ಕೀರ್ತಿಗೆ ಕಾರಣವಾದ ವರದಿಯಿತ್ತು. ಈ ಭಾಗದಲ್ಲಿ ಕೈಮಗ್ಗದ ಕಾಲ ಮುಗಿದಿದೆ, ಸರ್ಕಾರದ ನೆರವು ವಿದ್ಯುತ್ ಮಗ್ಗಗಳಿಗೆ ಸಲ್ಲಬೇಕು ಎಂಬುದು ಅದರ ಸಾರ. ಆ ಮಾತನ್ನು ಖಚಿತಪಡಿಸಿಕೊಳ್ಳಲೆಂದೇ ಸಮೀಕ್ಷೆ ನಡೆದಿತ್ತು. ಸಭೆಯ ಟಿಪ್ಪಣಿಯ ಕೊನೆಯಲ್ಲಿ ಸಮೀಕ್ಷೆಯ ತಾರೀಖು, ಅದರ ಮುಂದೆ ಮೂರು ಪದ: ‘ಮಾನ್ಯ ಸಲಹೆಗಾರರ ಸೂಚನೆಯಂತೆ.’

ಅಂದು ಅಮಾವಾಸ್ಯೆ ಎಂಬುದನ್ನು ಸಾಹುಕಾರರು ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಬೆಂಗಳೂರಿನ ಕಚೇರಿಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಗೆ ಯಾರು ಕೆಂಪು ಬಣ್ಣ ಬಳಿಯುತ್ತಾರೆ? ಸಂದರ್ಶನಕ್ಕೆ ಸಮಯ ಕೇಳಲು ಫೋನ್ ಮಾಡಿದೆ.

“ನಾಡದ ಬಾ ತಂಗಿ,” ಎಂದರು ಸಾಹುಕಾರರು. “ಅಮಾಸಿ ಐತಿ. ಶೆಡ್ಡ ಬಂದ್ ಇರ್ತಾವ, ನಾನೂ ಖಾಲಿ ಇರ್ತೇನಿ.”

ಅವರು ಫೋನ್ ಇಟ್ಟ ಮೇಲೂ ನಾನು ಅದನ್ನು ಕಿವಿಯಿಂದ ತೆಗೆಯಲಿಲ್ಲ.

ಜಮಖಂಡಿಯ ಅವರ ಮನೆಗೆ ಹೋದಾಗ ಪೂಜೆ ಮುಗಿಸಿ ಹಣೆಯ ಕುಂಕುಮದಲ್ಲೇ ಕೂತಿದ್ದರು. ಎದುರಿಗೆ ತಂಬಿಗೆಯಲ್ಲಿ ನೀರು ತರಿಸಿಟ್ಟರು. ನಾನು ಮುಟ್ಟಲಿಲ್ಲ. ಸೈಕಲ್ಲು, ಗಂಟು, ಮೊದಲ ಶೆಡ್ಡು ಎಲ್ಲ ಹೇಳಿ ಮುಗಿಸುವವರೆಗೆ ಕಾದು, ತಾರೀಖಿನ ವಿಷಯ ಕೇಳಿದೆ.

“ಬೆಂಗಳೂರಾಗ ಕುಂತಾವ್ರಿಗೆ ಅಮಾಸಿ ಹುಣ್ಣಿಮಿ ಎಲ್ಲಿ ನೆನಪಿರ್ತೈತಿ ತಂಗಿ?”

“ಇವತ್ತ ಅಮಾಸಿ ಅಂತನ ನನ್ನ ಕರದೀರಿ,” ಎಂದೆ. “ನಿಮ್ಮ ಶೆಡ್ಡಿನ ಅಮಾಸಿ ನೆನಪೈತಿ. ನಮ್ಮತ್ತಿ ಮಗ್ಗದ್ದು ಅಷ್ಟ ಮರೀತೈತೇನ್ರೀ?”

ಅವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. ನನ್ನ ಕೈಯಲ್ಲಿದ್ದ ಪೆನ್ನನ್ನು ನೋಡಿದರು. ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆದರಿಸಿತು.

“ತಾರೀಖು ನಾನ ಹೇಳಿದ್ದು. ಏನಾತೀಗ? ಆ ಮಗ್ಗ ಎರಡ ವರ್ಷಕ್ಕ ತಾವ ನಿಲ್ಲೂವು ಇದ್ದುವು. ನಾ ಎರಡ ವರ್ಷ ಮೊದಲ ಬರಸಿದೆ, ಅಷ್ಟ. ನಮ್ಮವ್ವನೂ ಮಗ್ಗದ ತೆಗ್ಗಿನ್ಯಾಗ ಕಾಲ ಇಳಿಬಿಟ್ಟ ಕುಂತ ಕುಂತ ಮೊಣಕಾಲ ಕಳಕೊಂಡ ಸತ್ತಾಕಿ. ಅದನ್ನ ಉಳಸಬೇಕೇನು?”

ಆ ಕೊನೆಯ ಮಾತು ಅವರ ಹೊಟ್ಟೆಯೊಳಗಿನಿಂದ ಬಂದದ್ದು ಎಂಬುದು ನನಗೆ ಗೊತ್ತಾಯಿತು. ಅತ್ತೆಯ ಮೊಣಕಾಲುಗಳೂ ನೆನಪಾದವು. ಆದರೆ ಅತ್ತೆಯನ್ನು ಯಾರೂ ಕೇಳಿರಲಿಲ್ಲ.

“ನಿಮ್ಮತ್ತಿ ಕಾರ್ಡು ವಾಪಸ್ ಬರ್ತೈತಿ,” ಎಂದರು ಅವರು. “ಒಂದ ಫೋನಿನ ಕೆಲಸ. ನೀ ಇದೊಂದ ಬರೀಬ್ಯಾಡ. ತಗೋ, ನೀರ ಕುಡಿ.”

ಆ ಫೋನಿಗೆ ಒಲ್ಲೆ ಎನ್ನುವ ಹಕ್ಕು ನನ್ನದಲ್ಲ, ಅತ್ತೆಯದು. ಸಂಜೆಯ ಬಸ್ಸಿಗೆ ಬನಹಟ್ಟಿಗೆ ಹೋಗಿ ಇದ್ದದ್ದನ್ನು ಇದ್ದಂತೆ ಅವಳ ಮುಂದಿಟ್ಟೆ. ಮಗ್ಗದ ಮೇಲೆ ಬಟ್ಟೆ ಹೊದಿಸಿತ್ತು. ಅವಳು ಅದರ ಅಂಚನ್ನು ಸರಿಪಡಿಸಿದಳು.

“ಕೊಡಸ್ತೇನಿ ಅಂದನೇನು? ಹಂಗಾರ ನನ್ನ ಮಗ್ಗ ನಿಂತಿರಲಿಲ್ಲ ಅಂತ ಅಂವಗ ಖರೇನ ಗೊತ್ತೈತಿ. ಅದನ್ನ ಬರಿ.”

“ಮತ್ತ ಕಾರ್ಡು, ಅತ್ತಿ?”

“ನಂದೊಂದ ಕಾರ್ಡು ಇಸ್ಕೊಂಡ ನಾ ಈ ಓಣ್ಯಾಗ ನೀರಿಗೆ ಹೆಂಗ ಹೋಗ್ಲಿ? ಎಮ್ಮೆ ಮಾಡೀಯಂತ, ಇಷ್ಟ ತಿಳಿಯೂದಿಲ್ಲ?”

ಎಂ.ಎ.ಯನ್ನು ಅವಳು ಯಾವಾಗಲೂ ಹಾಗೆಯೇ ಎಳೆದು ಹೇಳಿ ನನ್ನನ್ನು ಕೆಣಕುತ್ತಾಳೆ.

ಅಧ್ಯಾಯಕ್ಕೆ ಎರಡು ವಾಕ್ಯ ಸೇರಿಸಿದೆ: ಸಮೀಕ್ಷೆ ನಡೆದದ್ದು ಅಮಾವಾಸ್ಯೆಯಂದು, ಆ ತಾರೀಖನ್ನು ತಾವೇ ಸೂಚಿಸಿದ್ದಾಗಿ ಸಾಹುಕಾರರು ಹೇಳಿದ್ದಾರೆ. ಸಂಪಾದಕರು ಓದಿ, ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

“ಅಭಿನಂದನ ಗ್ರಂಥದಾಗ ಪಂಚಾಂಗ ಯಾಕವಾ? ಎರಡ ಸಾಲು ತಗದ್ರ ಉಳದದ್ದು ಬಂಗಾರದಂಥಾ ಬರವಣಿಗಿ.”

“ತರಗತಿಯಲ್ಲಿ ಆಧಾರ ಎಲ್ಲಿ, ಆಧಾರ ಎಲ್ಲಿ ಎಂದು ನಮ್ಮನ್ನು ಪೀಡಿಸುತ್ತಿದ್ದವರು ನೀವೇ ಸರ್,” ಎಂದು ಹಾಳೆಗಳನ್ನು ಎತ್ತಿಕೊಂಡು ಬಂದೆ. ಗ್ರಂಥ ಬೇರೊಬ್ಬರ ಅಧ್ಯಾಯದೊಂದಿಗೆ ಹೊರಬಂದಿದೆ. ಮುಂದಿನ ವರ್ಷ ಕಾಲೇಜು ನನ್ನನ್ನು ಕರೆಯುತ್ತದೆಯೋ ಇಲ್ಲವೋ ತಿಳಿಯದು.

ಆ ಎರಡು ವಾಕ್ಯಗಳನ್ನೇ ಅರ್ಜಿಯ ಮೊದಲಿಗೆ ಬರೆದು, ಕೆಲಸದ ದಿನ ನೋಡಿ ಮರುಸಮೀಕ್ಷೆ ನಡೆಸಬೇಕೆಂದು ಕೇಳಿದೆವು. ಅತ್ತೆ ಓಣಿಯ ಮನೆಮನೆಗೆ ಹೋಗಿ ಸಹಿ ಹಾಕಿಸಿದಳು. ಮಕ್ಕಳು ಸಾಹುಕಾರರ ಶೆಡ್ಡಿನಲ್ಲಿ ದುಡಿಯುವ ಮನೆಗಳವರು ಒಲ್ಲೆವೆಂದರು, ಅವಳು ಯಾರನ್ನೂ ಬೈಯಲಿಲ್ಲ. ಮೊನ್ನೆ ನೋಟೀಸು ಬಂತು. ತಾರೀಖು ಓದಿ ಹೇಳಿದೆ. ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಾಡಿಸಿ, “ದಶಮಿ. ಬರ್ಲಿ,” ಎಂದಳು.

ಈಗ ಅವಳ ಹಾಸಿನಲ್ಲಿ ನೇಯಲು ಉಳಿದಿರುವುದು ಒಂದು ಮೊಳ. ಅದು ತೀರಿದರೆ ಬರಿದಾದ ಮಗ್ಗವನ್ನು ಮತ್ತೆ ‘ಸ್ಥಗಿತ’ ಎಂದೇ ಬರೆದುಕೊಳ್ಳುತ್ತಾರೆ. ಒಂದು ಮುಂಜಾನೆಯಲ್ಲಿ ಮೊಳ ದಾಟಿಸುವ ಕೈ ಅವಳದು. ತಾರೀಖಿಗೆ ಆರು ದಿನವಿದೆ. ಅವಳು ದಿನಕ್ಕೆ ಮೂರು ಬೆರಳು ನೇಯ್ದು ಎದ್ದುಬಿಡುತ್ತಾಳೆ. ಆಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಕೂರುತ್ತಾಳೆ.

“ತಾರೀಖು ಮುಂದ ಹಾಕಿದ್ರ, ಅತ್ತಿ?” ಎಂದು ಕೇಳಿದೆ.

“ಎರಡ ಬೆರಳ ನೇಯ್ತೀನಿ.”