ಎಲ್ಲರದ್ದೂ ಶುಭವಿವಾಹ

ಸಿಕ್ಕಿಬಿಟ್ಟಿತು ಗೆಳೆಯರೇ, ಇವತ್ತು ತೊಂದರೆಯ ಮೂಲ ಸಿಕ್ಕಿಬಿಟ್ಟಿತು!

ಹುಮನಾಬಾದಿನಲ್ಲಿ ಫೋಟೊ ಸ್ಟುಡಿಯೊ ನಡೆಸುವ ಬಾಬುರಾವಣ್ಣನಿಗೆ ನಾನೊಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಮದುವೆ ಫೋಟೊಗಳ ಫೋಲ್ಡರ್ ತೋರಿಸಿ ಒಂದು ಹೆಸರು ಕೊಟ್ಟರೆ ಸಾಕು, ಅದು ತೆರೆಮರೆಯಲ್ಲಿ ಒಂದು ಜಿಪ್ ಸಾಫ್ಟ್‌ವೇರನ್ನು ಕರೆದು ಎಲ್ಲವನ್ನೂ ಒಂದೇ ಫೈಲ್ ಮಾಡಿಸುತ್ತದೆ. ಬಸವಕಲ್ಯಾಣದ ನನ್ನ ಮನೆಯಲ್ಲಿ ಸರಾಗವಾಗಿ ಓಡಿತ್ತು. ಇವತ್ತು ಅಣ್ಣನ ಫೋನ್.

"ತಂಗಿ, ನಿನ್ನ ಪ್ರೋಗ್ರಾಮ್ ಮುಂಜಾನಿಂದ ಬರೇ ಗಿರಗಿರ ತಿರಗಾಕತ್ತದ. ಮಂಠಾಳದ ಮದ್ವಿ ಮಂದಿ ಫೋಟೊಕ್ಕ ಬಂದು ಕುಂತಾರ. ಲಗೂನ ಬಾ!"

ಬಸ್ ಹತ್ತಿ ಓಡಿದೆ. ಮರೆಯಲ್ಲಿ ಓಡುತ್ತಿದ್ದ ಜಿಪ್‌ನ ಕಿಟಕಿಯನ್ನು ತೆರೆಯ ಮೇಲೆ ತಂದೆ. ನೋಡಿದರೆ ಅದು ಕೆಟ್ಟೇ ಇಲ್ಲ! 'ಶುಭವಿವಾಹ ಎಂಬ ಫೈಲ್ ಆಗಲೇ ಇದೆ, ಅದನ್ನು ಅಳಿಸಿ ಹೊಸದನ್ನು ಇಡಲೇ?' ಎಂದು ಕೇಳಿ, ಉತ್ತರಕ್ಕೆ ಕಾಯುತ್ತ ಕೂತಿದೆ.

"ಅಣ್ಣಾ, ಈ ಹೆಸರು ಯಾರ ಮದ್ವಿಗಿ ಇಟ್ಟೀರಿ?"

"ಎಲ್ಲಾರ ಮದ್ವಿಗೂ ಅದೇ ಇಡತೀನಿ. ಶುಭ ಕಾರ್ಯಕ್ಕ ಮತ್ತೇನ್ ಹೆಸರಿಡಬೇಕು?"

ಹಳೆಯ ಫೈಲ್ ದುಬಲಗುಂಡಿಯ ಮದುವೆಯದು, ಅವರಿನ್ನೂ ಒಯ್ದಿರಲಿಲ್ಲ. ಜಿಪ್ ಆಯಿತೆಂದು ಅಣ್ಣ ಅದರ ಮೂಲ ಫೋಟೊಗಳನ್ನೆಲ್ಲ ಅಳಿಸಿಬಿಟ್ಟಿದ್ದರು. ಗಟ್ಟಿಯಾಗಿ 'ಬೇಡ' ಒತ್ತಿದೆ. ಫೈಲಿನ ಹೆಸರಿಗೆ ಊರು, ತಾರೀಖು ತಾನಾಗಿ ಸೇರುವಂತೆ ಅಲ್ಲೇ ತಿದ್ದಿದೆ. ಮಂಠಾಳದ ಫೋಟೊಗಳು ಸರ್ರನೆ ಜಿಪ್ ಆದವು! ಕುಣಿಯುವುದೊಂದು ಬಾಕಿ.

ಅಣ್ಣನಿಗೆ ಇನ್ನೂ ಅನುಮಾನ. "ಅದು ಕೇಳಿದಾಗ ಹೂಂ ಅಂದಿದ್ರ ಏನಾಗತಿತ್ತು?"

"ಏನಿಲ್ರಿ ಅಣ್ಣಾ, ದುಬಲಗುಂಡಿ ಹುಡುಗಿ ಮನಿಗಿ ಮಂಠಾಳದ ವರ ಹೋಗತಿದ್ದ."